ಮುಖವಾಡವೂ ಭಯವೂ

ಮಕ್ಕಳ ಮನಸ್ಸಿನಿಂದ ಭಯವನ್ನು ಹೋಗಲಾಡಿಸುವುದು ವಿದ್ಯಾಭ್ಯಾಸದ ಗುರಿಗಳಲ್ಲೊಂದು. ಹೀಗಿರಲು, ಭೂತಪ್ರೇತಗಳ ವೇಷವನ್ನು ಪಾಠಶಾಲೆಯೊಳಕ್ಕೆ ಬರಮಾಡಿಕೊಳ್ಳುವುದು ಯುಕ್ತವೆ? ಅಮೆರಿಕದ ಅನೇಕ ಶಾಲೆಗಳಲ್ಲಿ ಅಕ್ಟೋಬರ್ ಕೊನೆಯಲ್ಲಿ ನಡೆಯುವ ಹ್ಯಾಲೋವೀನ್ ಉತ್ಸವವು ಈ ಪ್ರಶ್ನೆಯನ್ನು ಎಬ್ಬಿಸುತ್ತದೆ.

ಕ್ರೈಸ್ತರ ಪಂಚಾಂಗದಲ್ಲಿ ನವೆಂಬರ್ 1 ಸಕಲ ಸಂತರ ದಿನ. ಅದರ ಹಿಂದಿನ ಇರುಳೇ ಹ್ಯಾಲೋವೀನ್. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಈ ಸಂಧಿಕಾಲದಲ್ಲಿಯೇ ಐರ್ಲೆಂಡಿನ ಪ್ರಾಚೀನರು ಸೌವಿನ್ ಎಂಬ ಹಬ್ಬವನ್ನು ಆಚರಿಸುತ್ತಿದ್ದರು. ಅಲ್ಲಿಯ ಜನ ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪವಿಡುತ್ತಿದ್ದರು. 19ನೆಯ ಶತಮಾನದಲ್ಲಿ ಅವರಲ್ಲಿ ಅನೇಕರು ಅಮೆರಿಕಕ್ಕೆ ವಲಸೆಹೋದ ಮೇಲೆ, ಅಲ್ಲಿ ಹೇರಳವಾಗಿ ಬೆಳೆಯುವ ಕುಂಬಳಕಾಯಿಯು ಗೆಡ್ಡೆಯ ಸ್ಥಾನವನ್ನು ಪಡೆಯಿತು.

ಇಂದು ಶಾಲೆಯಲ್ಲಿ ಮಕ್ಕಳು ಆ ಕಾಯಿಯ ತೂಕವನ್ನು ಊಹಿಸುತ್ತಾರೆ, ಬೀಜಗಳನ್ನು ಎಣಿಸುತ್ತಾರೆ, ಕಾಗದದ ಬಾವಲಿಗಳನ್ನು ಕತ್ತರಿಸುತ್ತಾರೆ, ದೆವ್ವದ ಕಥೆಗಳನ್ನು ತಾವೇ ಕಟ್ಟಿ ಓದುತ್ತಾರೆ. ಇದು ಕೇವಲ ವಿನೋದವಲ್ಲ. ರೂಪವಿಲ್ಲದ ಭಯವು ಕತ್ತಲೆಯಲ್ಲಿ ಬೆಳೆಯುತ್ತದೆ. ಕೈಯಿಂದ ರೂಪಿಸಿದ ಭಯವು ಆಟದ ವಸ್ತುವಾಗುತ್ತದೆ. ಕಾಯಿಯ ತಿರುಳನ್ನು ತಾನೇ ಕೆರೆದು ತೆಗೆದ ಬಾಲಕನಿಗೆ, ಆ ಘೋರಮುಖದೊಳಗೆ ಇರುವುದು ಒಂದು ಸಣ್ಣ ದೀಪ ಮಾತ್ರವೆಂಬುದು ತಿಳಿದಿರುತ್ತದೆ. ಭಯವನ್ನು ಮರೆಮಾಚುವ ಉಪದೇಶಕ್ಕಿಂತ ಈ ತಿಳಿವಳಿಕೆಯೇ ಮೇಲು.

ಆದರೆ ಮುಖವಾಡಕ್ಕೆ ಇನ್ನೊಂದು ಮಗ್ಗುಲುಂಟು. ಧರಿಸಿದವನ ಅಂಜಿಕೆಯನ್ನು ಕಳೆಯುವ ಅದೇ ವಸ್ತುವು ಎದುರಿಗಿರುವ ಎಳೆಯನನ್ನು ಅಂಜಿಸಬಲ್ಲದು. ತನ್ನ ಭಯವನ್ನು ಗೆಲ್ಲುವುದು ಬೇರೆ, ಅದನ್ನು ಪರರ ಮೇಲೆ ಹೇರುವುದು ಬೇರೆ. ತಿಂಡಿ ಕೊಡಿ, ಇಲ್ಲವೆ ಚೇಷ್ಟೆಯನ್ನು ಸಹಿಸಿಕೊಳ್ಳಿ ಎಂದು ಅಮೆರಿಕದ ಮಕ್ಕಳು ಮನೆಮನೆಯ ಬಾಗಿಲಲ್ಲಿ ಕೂಗುವಾಗ, ಹಾಸ್ಯದೊಳಗೆ ಬೆದರಿಕೆಯ ಛಾಯೆಯಿದೆ. ಸ್ಕಾಟ್ಲೆಂಡಿನ ಸಂಪ್ರದಾಯದಲ್ಲಾದರೋ ವೇಷ ಹಾಕಿದ ಮಗುವು ಒಂದು ಹಾಡನ್ನೋ ಪದ್ಯವನ್ನೋ ಒಪ್ಪಿಸಿಯೇ ಹಣ್ಣುಹಂಪಲನ್ನು ಪಡೆಯಬೇಕು. 1950ರಲ್ಲಿ ಫಿಲಡೆಲ್ಫಿಯದ ಕೆಲವು ಮಕ್ಕಳು ಹೀಗೆಯೇ ಮನೆಗಳನ್ನು ಸುತ್ತಿ, ಕಷ್ಟದಲ್ಲಿದ್ದ ಪರದೇಶದ ಮಕ್ಕಳಿಗಾಗಿ 17 ಡಾಲರುಗಳನ್ನು ಕೂಡಿಸಿ ಯೂನಿಸೆಫ್ ಸಂಸ್ಥೆಗೆ ಕಳುಹಿಸಿದರು. ಬೆದರಿಸಿ ಪಡೆಯುವುದು, ದುಡಿದು ಪಡೆಯುವುದು, ಪರರಿಗಾಗಿ ಬೇಡುವುದು: ಒಂದೇ ಆಚಾರದಲ್ಲಿ ಈ ಮೂರು ಪಾಠಗಳೂ ಅಡಗಿವೆ. ಯಾವುದನ್ನು ಕಲಿಸಬೇಕೆಂಬುದು ಉಪಾಧ್ಯಾಯರ ವಿವೇಕಕ್ಕೆ ಸೇರಿದ್ದು.

ಮತಶ್ರದ್ಧೆಯಿಂದ ಈ ಹಬ್ಬವನ್ನು ಒಪ್ಪದ ಮನೆಗಳೂ ಉಂಟು; ವೇಷದ ಬಟ್ಟೆಗೆ ಹಣವಿಲ್ಲದ ಮನೆಗಳೂ ಉಂಟು. ಈ ಕಾರಣದಿಂದ ಕೆಲವು ಶಾಲೆಗಳು ಉತ್ಸವವನ್ನು ಕೈಬಿಟ್ಟಿವೆ. ಕೆಲವು ಅದನ್ನು ಸುಗ್ಗಿಯ ಹಬ್ಬವಾಗಿ ಮಾರ್ಪಡಿಸಿವೆ. ಕೈಬಿಡುವುದೊಂದೇ ನ್ಯಾಯವೆನ್ನಲಾಗದು. ಆದರೆ ಸಾರ್ವಜನಿಕ ಪಾಠಶಾಲೆಯು ಎಲ್ಲ ಮಕ್ಕಳಿಗೂ ಸೇರಿದ್ದು. ಅಲ್ಲಿಯ ಉತ್ಸವದ ಯೋಗ್ಯತೆಯನ್ನು ಮೆರವಣಿಗೆಯ ಮುಂದೆ ನಡೆಯುವವರ ನಗುವಿನಿಂದ ಅಳೆಯುವುದಕ್ಕಿಂತ, ವೇಷವಿಲ್ಲದೆ ಬಂದ ಮಗುವಿಗೂ ಅಂದು ಮಾಡಲು ಒಂದು ಕೆಲಸ, ಕೂರಲು ಒಂದು ಜಾಗ ದೊರೆಯಿತೆ ಎಂಬುದರಿಂದ ಅಳೆಯುವುದು ಧರ್ಮ.