ಥರ್ಮೋಕೋಲ್ ಗುಡ್ಡ

ದೀಪಾವಳಿಗೆ ಮಹಾರಾಷ್ಟ್ರದ ಮಕ್ಕಳು ಮಣ್ಣಿನ ಕೋಟೆ ಕಟ್ಟುತ್ತಾರೆ. ಸಾಸಿವೆ ಚೆಲ್ಲಿ ಹಸಿರು ಬರಿಸಿ, ಮೇಲೆ ಶಿವಾಜಿಯ ಬೊಂಬೆ ಕೂರಿಸುತ್ತಾರೆ. ಘೋಡಬಂದರ್ ರಸ್ತೆಯ ಹದಿನಾಲ್ಕನೇ ಮಹಡಿಯಲ್ಲಿ ಮಣ್ಣೆಲ್ಲಿ ತರುವುದು? ಟಿವಿ ಜೊತೆ ಬಂದ ಥರ್ಮೋಕೋಲ್ ಇತ್ತು. ಅಲಂಕಾರಕ್ಕೆ ಅದನ್ನು ಬಳಸಬಾರದೆಂದು 2018ರಲ್ಲೇ ರಾಜ್ಯ ಸರ್ಕಾರ ನಿಷೇಧಿಸಿದೆ. ‘ಹೇಗೂ ಕಸಕ್ಕೆ ಹೋಗುವುದು ತಾನೆ’ ಎಂದು ಸಮಾಧಾನ ಹೇಳಿಕೊಂಡೆ.

ನಿಕ್ರೋಮ್ ತಂತಿ ಕಾಯಿಸಿ, ಬಾಲ್ಕನಿಯಿಂದ ಕಾಣುವ ಯೇವೂರಿನ ಗುಡ್ಡ ಕೊರೆದೆ. ಸ್ಪ್ರೇ ಬಣ್ಣಕ್ಕೆ ಥರ್ಮೋಕೋಲ್ ಕರಗುತ್ತದೆ. ಹಾಗಾಗಿ ನೀರಿನ ಬಣ್ಣವನ್ನೇ ಬಳಿದೆ. 1737ರಲ್ಲಿ ಮರಾಠರು ಪೋರ್ಚುಗೀಸರಿಂದ ಗೆದ್ದ ಘೋಡಬಂದರ್ ಕೋಟೆ ನಮ್ಮ ಮನೆಯಿಂದ ಕಾಣುವುದಿಲ್ಲ. ಅದಕ್ಕೂ ಒಂದು ಮೂಲೆ ಕೊಟ್ಟೆ.

ಮಗಳು ನೋಡಿ ಕೇಳಿದಳು: “ಅಪ್ಪಾ, ನಮ್ಮ ಬಿಲ್ಡಿಂಗ್ ಎಲ್ಲಿ?”

ಬಿಟ್ಟಿದ್ದೆ. ಅಂದ ಕೆಡುತ್ತದೆಂದು.

ಏನನ್ನೂ ಬಿಡದೆ ಮಾದರಿ ಮಾಡಲಾಗದು, ನಿಜ. ಆಫೀಸಿನಲ್ಲಿ ನನ್ನ ಕೆಲಸವೇ ‘ಇದು ಸ್ಕೋಪ್‌ನಲ್ಲಿಲ್ಲ’ ಎನ್ನುವುದು. ಆದರೆ ಚಿಕ್ಕದೆಂದು ಬಿಡುವುದು ಬೇರೆ, ನಮ್ಮ ಪಾಲು ಕಾಣುತ್ತದೆಂದು ಬಿಡುವುದು ಬೇರೆ. ಮೊದಲನೆಯದು ಅಳತೆ, ಎರಡನೆಯದು ಸುಳ್ಳು. ಕಾಡು ಹಾಳಾಯಿತೆಂದು ಬಾಲ್ಕನಿಯಲ್ಲಿ ನಿಂತು ಮರುಗುವಾಗಲೂ ನಾನು ಅದೇ ಸುಳ್ಳನ್ನು ಹೇಳುತ್ತಿರುತ್ತೇನೆ; ನಿಂತ ಬಾಲ್ಕನಿ ಲೆಕ್ಕಕ್ಕೆ ಬರುವುದೇ ಇಲ್ಲ.

ಉಳಿದ ಚೂರಿನಲ್ಲಿ ನಮ್ಮ ಕಟ್ಟಡ ಕೊರೆದು ಗುಡ್ಡದ ಬುಡಕ್ಕೆ ಅಂಟಿಸಿದೆ. ಮಗಳು ಕೂತಲ್ಲಿಂದ ಗುಡ್ಡ ಅರ್ಧ ಮರೆಯಾಯಿತು.

“ಈಗ ಸರಿಯಾಯ್ತು” ಎಂದಳು.