ಯಾರಿಗೆ ನಿಷ್ಠೆ?

ಒಂದು ಮಾತನ್ನು ಒಂದು ನುಡಿಯಿಂದ ಇನ್ನೊಂದಕ್ಕೆ ಕೊಂಡೊಯ್ಯುವವನ ನಿಷ್ಠೆ ಯಾರಿಗೆ ಸಲ್ಲಬೇಕು: ಮೂಲದ ಮಾತಿಗೋ, ಅದನ್ನು ಕೇಳಿಸಿಕೊಳ್ಳುವವನಿಗೋ? ಕಾವ್ಯದ ಅನುವಾದದಲ್ಲಿ ಈ ಪ್ರಶ್ನೆ ರಸಿಕರ ಚರ್ಚೆಗೆ ವಸ್ತು. ವೈದ್ಯಕೀಯದಲ್ಲಿ ಅದು ರೋಗಿಯ ಆರೋಗ್ಯಕ್ಕೇ ತಾಗುತ್ತದೆ.

ನಿದ್ರೆಯಲ್ಲಿ ಗಂಟಲಿನ ಹಾದಿ ಕುಸಿದು, ಹತ್ತು ಸೆಕೆಂಡಿಗೂ ಮೀರಿ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆಗೆ ಸ್ಲೀಪ್ ಆಪ್ನಿಯಾ ಎಂದು ಹೆಸರು. ಅಧಿಕ ರಕ್ತದೊತ್ತಡ, ಹೃದ್ರೋಗಗಳೊಡನೆ ಇದಕ್ಕೆ ನಂಟಿದೆ. ಇದನ್ನರಿಯದೆ ಅರಿವಳಿಕೆ ನೀಡುವುದು ಅಪಾಯಕರ. ಖಚಿತ ನಿರ್ಣಯಕ್ಕೆ ರಾತ್ರಿಯ ನಿದ್ರಾಪರೀಕ್ಷೆ ಬೇಕು. ಅದು ಎಲ್ಲರಿಗೂ ಎಟುಕುವುದಿಲ್ಲ. ಯಾರಿಗೆ ಆ ಪರೀಕ್ಷೆ ಅಗತ್ಯವೆಂದು ಸೋಸಿ ನೋಡಲು ಟೊರಾಂಟೊದ ಅರಿವಳಿಕೆ ತಜ್ಞೆ ಫ್ರಾನ್ಸಿಸ್ ಚಂಗ್ ಮತ್ತು ಸಂಗಡಿಗರು 2008ರಲ್ಲಿ ‘ಸ್ಟಾಪ್-ಬ್ಯಾಂಗ್’ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿರುವುದು ಎಂಟೇ ಪ್ರಶ್ನೆ. ಉತ್ತರ ಹೌದು ಅಥವಾ ಇಲ್ಲ. ಮೂರು ‘ಹೌದು’ ಬಂದರೆ ಶಂಕೆ, ಐದಾದರೆ ಬಲವಾದ ಶಂಕೆ.

ಅದರ ಮೊದಲ ಪ್ರಶ್ನೆ ಗೊರಕೆಯದು: ಮುಚ್ಚಿದ ಬಾಗಿಲಿನಾಚೆಗೂ ಕೇಳಿಸುವಷ್ಟು ಜೋರಾಗಿ ಗೊರಕೆ ಹೊಡೆಯುತ್ತೀರಾ? ಇದನ್ನು ಕನ್ನಡಕ್ಕೆ ತರುವುದು ಕಷ್ಟವಲ್ಲ. ಇಂಥ ಕೆಲಸದಲ್ಲಿ, ಮೂಲವನ್ನು ಕಾಣದ ಮತ್ತೊಬ್ಬರಿಂದ ಅನುವಾದವನ್ನು ಮರಳಿ ಇಂಗ್ಲಿಷಿಗೆ ತರಿಸಿ ತಾಳೆ ನೋಡುವ ಕ್ರಮವುಂಟು. ಆ ಪರೀಕ್ಷೆಯಲ್ಲಿ ‘ಮುಚ್ಚಿದ ಬಾಗಿಲು’ ಸಲೀಸಾಗಿ ತೇರ್ಗಡೆಯಾಗುತ್ತದೆ. ಆದರೆ ಮನೆಮಂದಿಯೆಲ್ಲ ಒಂದೇ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗುವಲ್ಲಿ ಮುಚ್ಚಲು ಬಾಗಿಲೆಲ್ಲಿ? ಶಬ್ದಗಳೆಲ್ಲ ಕ್ಷೇಮವಾಗಿ ತಲುಪಿದರೂ ಪ್ರಶ್ನೆ ತಲುಪಲಿಲ್ಲ.

ಹಗಲಿನ ದಣಿವನ್ನು ಕೇಳುವ ಪ್ರಶ್ನೆಯೂ ಹೀಗೆಯೇ. ದಿನವಿಡೀ ಹೊಲದಲ್ಲಿ ದುಡಿದವನು ದಣಿವಿಲ್ಲವೆಂದು ಹೇಗೆ ಹೇಳಿಯಾನು? ಸುಸ್ತು, ಮಂಪರು, ಜೊಂಪು, ತೂಕಡಿಕೆ ಎಂದು ನಮ್ಮ ನುಡಿ ಸೂಕ್ಷ್ಮವಾಗಿ ಬೇರ್ಪಡಿಸಿದ್ದನ್ನು ಒಂದೇ ‘ಆಯಾಸ’ದಲ್ಲಿ ಅಡಗಿಸಿದರೆ ದುಡಿಮೆ ಯಾವುದು, ರೋಗ ಯಾವುದು ಎಂದು ತಿಳಿಯದು. ಗೊರಕೆಯನ್ನು ಸುಖನಿದ್ರೆಯ ಗುರುತೆಂದು ಬಗೆಯುವ ಮನೆಯಲ್ಲಿ ಅದನ್ನು ದೂರಿನಂತೆ ಹೇಳಿಕೊಳ್ಳುವವರೂ ವಿರಳ.

ಹಾಗಾದರೆ ಅನುವಾದಕನು ತನಗೆ ತೋಚಿದಂತೆ ತಿದ್ದಬಹುದೇ? ಅದೂ ಸಲ್ಲದು. ಪ್ರಶ್ನಾವಳಿ ಒಂದು ಅಳತೆಗೋಲು. ಊರಿಗೊಂದರಂತೆ ಗೋಲನ್ನು ಕತ್ತರಿಸಿದರೆ ಅಳತೆಗೆ ಅರ್ಥವಿಲ್ಲ. ಪೆರು ದೇಶದ ವೈದ್ಯರು ಅನುಸರಿಸಿದ ದಾರಿ ಇಲ್ಲಿ ಗಮನಾರ್ಹ. ಹಗಲಿನ ತೂಕಡಿಕೆಯನ್ನು ಅಳೆಯುವ ‘ಎಪ್‌ವರ್ತ್’ ಮಾಪಕದಲ್ಲಿ, ವಾಹನದಟ್ಟಣೆಯಲ್ಲಿ ಕಾರು ನಿಂತಾಗ ಜೊಂಪು ಹತ್ತುತ್ತದೆಯೇ ಎಂಬ ಪ್ರಶ್ನೆಯಿದೆ. ವಾಹನ ಓಡಿಸದವರಿಗಾಗಿ ಅವರು ಬದಲಿ ರೂಪವೊಂದನ್ನು ಸಿದ್ಧಪಡಿಸಿ, ಅದನ್ನು ಜನರ ನಡುವೆ ಪರೀಕ್ಷಿಸಿದರು. ತಿದ್ದುವ ಹಕ್ಕು ಒರೆಗೆ ಹಚ್ಚುವ ಹೊಣೆಯೊಡನೆಯೇ ಬರುತ್ತದೆ. “ಈ ಪ್ರಶ್ನೆಯಿಂದ ನಿಮಗೇನು ಅರ್ಥವಾಯಿತು?” ಎಂದು ಉತ್ತರಿಸುವವರನ್ನೇ ಕೇಳುವುದು ಆ ಹೊಣೆಯ ಮೊದಲ ಹೆಜ್ಜೆ.

ಗಡಿಯಾಚೆಯ ಕನ್ನಡಿಗರಾದ ನಮಗೆ ಈ ವಿಚಾರ ದೂರದ್ದಲ್ಲ. ಆಸ್ಪತ್ರೆಯ ಪ್ರಶ್ನೆ ಕಾಸರಗೋಡಿನಲ್ಲಿ ಮಲಯಾಳದಲ್ಲಿಯೂ, ಸೊಲ್ಲಾಪುರದಲ್ಲಿ ಮರಾಠಿಯಲ್ಲಿಯೂ, ತಾಳವಾಡಿಯಲ್ಲಿ ತಮಿಳಿನಲ್ಲಿಯೂ ಎದುರಾಗಬಹುದು. ಆಗ ಅಜ್ಜಿಗೂ ವೈದ್ಯರಿಗೂ ನಡುವೆ ಮೊಮ್ಮಗಳೇ ದುಭಾಷಿ. ಸಂಕೋಚದಿಂದ ಒಂದು ಮಾತನ್ನು ಮೃದುಗೊಳಿಸುವುದು, ಅವಸರದಲ್ಲಿ “ಚೆನ್ನಾಗಿಯೇ ನಿದ್ದೆ ಮಾಡುತ್ತಾರೆ” ಎಂದು ತಾನೇ ಉತ್ತರಿಸಿಬಿಡುವುದು ಸಹಜ. ಅಕ್ಕರೆಯಿಂದಲೇ ಆಡಿದ ಮಾತಾದರೂ ಅದು ಅಜ್ಜಿಯ ಉತ್ತರವಲ್ಲ. ಹಿರಿಯರಾದರೋ ವೈದ್ಯರ ಮೇಲಿನ ಗೌರವದಿಂದ, ಅರ್ಥವಾಗದ ಮಾತಿಗೂ ತಲೆಯಾಡಿಸುತ್ತಾರೆ.

ಆದುದರಿಂದ ನಿಷ್ಠೆ ಮಾತಿಗೋ ಮನುಷ್ಯನಿಗೋ ಎಂಬ ಪ್ರಶ್ನೆಗೆ ಉತ್ತರ ಹೀಗಿರಬಹುದು: ಮಾತು ಏನನ್ನು ತಿಳಿಯಲು ಹೊರಟಿದೆಯೋ ಅದಕ್ಕೆ ಬದ್ಧರಾಗಿರಬೇಕು, ಅದು ತಲುಪಿತೇ ಎಂಬುದಕ್ಕೆ ಕೇಳಿಸಿಕೊಂಡವರ ಸಾಕ್ಷ್ಯವನ್ನೇ ನಂಬಬೇಕು. ನಮ್ಮ ಹಿರಿಯರೊಡನೆ ಆಸ್ಪತ್ರೆಗೆ ಹೋಗುವ ಪ್ರತಿಯೊಬ್ಬರೂ ಪ್ರಶ್ನೆಯನ್ನು ಅವರ ಆಡುನುಡಿಯಲ್ಲಿ ಹೇಳಿ, ಅರ್ಥವಾದುದನ್ನು ಅವರ ಬಾಯಲ್ಲೇ ಕೇಳಿ, ಬಂದ ಉತ್ತರವನ್ನು ಇದ್ದಂತೆಯೇ ವೈದ್ಯರಿಗೆ ಮುಟ್ಟಿಸಲಿ. ನುಡಿಸೇವೆ ವೇದಿಕೆಯ ಮೇಲಷ್ಟೇ ನಡೆಯುವುದಲ್ಲ. ವೈದ್ಯರ ಕೊಠಡಿಯಲ್ಲಿಯೂ ಅದಕ್ಕೆ ಎಡೆಯುಂಟು.