ರಕ್ತದ ರೋಹಿತ ಯಾವ ಪ್ರಮಾಣ?

ರಕ್ತರಸದ ಹನಿಗೆ ಬೆಳ್ಳಿಯ ನ್ಯಾನೋಕಣಗಳನ್ನು ಬೆರೆಸಿ ಲೇಸರ್ ಹಾಯಿಸಿದರೆ ಪರದೆಯ ಮೇಲೆ ಏರಿಳಿತದ ಗೆರೆಯೊಂದು, ಅಂದರೆ ರೋಹಿತ, ಮೂಡುತ್ತದೆ. ಅದನ್ನು ಓದಿದ ಕಂಪ್ಯೂಟರ್ ಕ್ಯಾನ್ಸರ್ ಇದೆ ಅಥವಾ ಇಲ್ಲ ಎನ್ನುತ್ತದೆ. ಈ ವಿಧಾನವನ್ನು ಹೊಗಳುವವರು ರೋಗವನ್ನೇ ಕಣ್ಣಾರೆ ಕಂಡವರಂತೆ ಮಾತಾಡುತ್ತಾರೆ. ಪ್ರಮಾಣಗಳನ್ನು, ಅಂದರೆ ಅರಿವಿನ ದಾರಿಗಳನ್ನು, ಪರೀಕ್ಷಿಸುವ ನ್ಯಾಯದರ್ಶನದ ನೈಯಾಯಿಕನೊಬ್ಬ ಇದ್ದಿದ್ದರೆ ಅವನು ಮೊದಲು ಕೇಳುತ್ತಿದ್ದುದು ಇಷ್ಟೇ: ಇದು ಪ್ರತ್ಯಕ್ಷವೋ (ನೇರ ಕಂಡದ್ದೋ), ಅನುಮಾನವೋ (ಗುರುತಿನಿಂದ ಊಹಿಸಿದ್ದೋ)? ನನ್ನ ಪ್ರಕಾರ ಇದು ಪ್ರತ್ಯಕ್ಷದ ವೇಷ ಹಾಕಿದ ಅನುಮಾನ. ಆದ್ದರಿಂದ ಅನುಮಾನಕ್ಕೆ ಹಾಕುವ ಕಟ್ಟುಪಾಡುಗಳಿಂದ ಅದಕ್ಕೆ ವಿನಾಯಿತಿ ಸಿಗಬಾರದು.

ಈ ವಿಧಾನಕ್ಕೆ ಮೂಲವಾದದ್ದು 1928ರಲ್ಲಿ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಕಂಡ ಬೆಳಕಿನ ಚದುರುವಿಕೆ. ಅದು ತೀರಾ ಕ್ಷೀಣ. ಕೋಟಿ ಫೋಟಾನ್‌ಗಳಲ್ಲಿ ಒಂದರ ಆಸುಪಾಸು ಮಾತ್ರ ಬಣ್ಣ ಬದಲಿಸುತ್ತದೆ. 1974ರಲ್ಲಿ ಸೌತಾಂಪ್ಟನ್ನಿನ ಪ್ರಯೋಗಾಲಯದಲ್ಲಿ ಒರಟು ಮಾಡಿದ ಬೆಳ್ಳಿಯ ಮೇಲೆ ಕೂತ ಪಿರಿಡೀನ್ ಅನಿರೀಕ್ಷಿತವಾಗಿ ಪ್ರಬಲ ಸಂಕೇತ ಕೊಟ್ಟಿತು. ಅದು ಲಕ್ಷಗಟ್ಟಲೆ ಪಟ್ಟು ವರ್ಧನೆ ಎಂಬುದು ಖಚಿತವಾದದ್ದು 1977ರಲ್ಲಿ. ಆದರೆ ಬೆಳ್ಳಿ ಎಲ್ಲವನ್ನೂ ಸಮನಾಗಿ ಹಿಗ್ಗಿಸುವುದಿಲ್ಲ. ಮುಖ್ಯವಾಗಿ ತನಗೆ ಅಂಟಿಕೊಂಡದ್ದನ್ನು ಹಿಗ್ಗಿಸುತ್ತದೆ. ರಕ್ತರಸದಲ್ಲಿ ಪ್ರೋಟೀನು ಎಷ್ಟೇ ಇರಲಿ, ರೋಹಿತದಲ್ಲಿ ಎದ್ದು ಕಾಣುವುದು ಹೆಚ್ಚಾಗಿ ಯೂರಿಕ್ ಆಮ್ಲ ಮತ್ತು ಹೈಪೊಕ್ಸಾಂಥೀನ್: ಮೊದಲನೆಯದರ ಶಿಖರ 638 cm⁻¹ ಬಳಿ, ಎರಡನೆಯದರದು 725 cm⁻¹ ಬಳಿ. ಸೋಜಿಗವೆಂದರೆ, ತೆಗೆದ ರಕ್ತವನ್ನು ಬೇರ್ಪಡಿಸದೆ ಸುಮ್ಮನೆ ಇಟ್ಟರೂ ಕೆಂಪುಕಣಗಳಿಂದ ಹೈಪೊಕ್ಸಾಂಥೀನ್ ಹೊರಬೀಳುತ್ತಾ ಹೋಗುತ್ತದೆ. ರೋಗಿಗಳ ಟ್ಯೂಬು ವಾರ್ಡಿನಲ್ಲಿ ಮಧ್ಯಾಹ್ನದವರೆಗೆ ಕಾದು, ಆರೋಗ್ಯವಂತರದು ತಕ್ಷಣ ಸೆಂಟ್ರಿಫ್ಯೂಜಿಗೆ ಹೋಗಿದ್ದರೆ, ಕಂಪ್ಯೂಟರ್ ಕಲಿಯುವುದು ರೋಗವನ್ನಲ್ಲ, ಕಾಯುವಿಕೆಯನ್ನು.

ನ್ಯಾಯಶಾಸ್ತ್ರದ ಹಳೆಯ ಉದಾಹರಣೆ ಇಲ್ಲಿ ನೇರ ಹೊಂದುತ್ತದೆ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು, ಏಕೆಂದರೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹಸಿ ಸೌದೆ ಎಂಬ ಉಪಾಧಿ (ಹೆಚ್ಚುವರಿ ಷರತ್ತು) ಸೇರಿದರಷ್ಟೇ ಆ ಎರಡನೆಯ ಊಹೆ ಸರಿಯಾಗುತ್ತದೆ. ಬಹಳ ಹೊತ್ತು ಇಟ್ಟ ಆರೋಗ್ಯವಂತನ ರಕ್ತವೇ ನಮ್ಮ ಕಬ್ಬಿಣದ ಗುಂಡು: ಶಿಖರವಿದೆ, ರೋಗವಿಲ್ಲ.

ವೈದ್ಯರು ಮಾಡುವುದೆಲ್ಲ ಊಹೆಯೇ, ನಾಡಿ ಹಿಡಿಯುವುದೂ ಊಹೆಯೇ ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ರಕ್ತದ ಸಕ್ಕರೆ ನೋಡುವಾಗ ಹೇತು, ಅಂದರೆ ಊಹೆಗೆ ಆಧಾರವಾದ ಗುರುತು, ಯಾವುದೆಂದು ತಿಳಿದಿರುತ್ತದೆ. ಆಕ್ಷೇಪಿಸಲು ಒಂದು ಹಿಡಿ ಇರುತ್ತದೆ. ನೂರಾರು ಬಿಂದುಗಳ ಗೆರೆಯಿಂದ ಕಂಪ್ಯೂಟರ್ ಹೆಕ್ಕಿದ ಹೇತುವನ್ನು ಹಲವು ಸಲ ಹೆಸರಿಸಲೂ ಬರುವುದಿಲ್ಲ. ಉತ್ತರ ಸರಿ ಬಂದರೆ ಸಾಲದೇ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಯಾವ ಮಾದರಿಗಳ ಮೇಲೆ ಸರಿ ಬಂತು ಎಂಬ ಮರುಪ್ರಶ್ನೆ ಅದಕ್ಕೆ ಸಾಕು. ಒಂದೇ ಆಸ್ಪತ್ರೆಯಲ್ಲಿ, ಒಂದೇ ಸಲ ತಯಾರಿಸಿದ ಬೆಳ್ಳಿಯಲ್ಲಿ ಎಷ್ಟು ಸಲ ಕಂಡರೂ ಅದು ಸಹಚಾರವೇ (ಜೊತೆಯಲ್ಲಿ ಕಾಣುವುದೇ) ಹೊರತು ವ್ಯಾಪ್ತಿ (ಎಂದೂ ತಪ್ಪದ ನಂಟು) ಆಗದು.

ಹೀಗೆ ಶಂಕಿಸುತ್ತಾ ಹೋದರೆ ಚಾರ್ವಾಕರಂತೆ ಯಾವ ಅನುಮಾನವನ್ನೂ ಒಪ್ಪದೆ ಕೂರಬೇಕಾದೀತು ಎಂಬ ಭಯವೂ ಸಹಜ. ನೈಯಾಯಿಕರಾದ ಉದಯನಾಚಾರ್ಯರು ಅದಕ್ಕೊಂದು ಎಲ್ಲೆ ಹಾಕಿದ್ದಾರೆ: ನಮ್ಮ ನಡೆಗೇ ವಿರುದ್ಧವಾಗುವ ಮಟ್ಟಕ್ಕೆ ಬಂದಾಗ ಶಂಕೆ ನಿಲ್ಲಬೇಕು. ಬೇರೆ ಊರಿನ ರಕ್ತ, ಯೂರಿಕ್ ಆಮ್ಲ ಹೆಚ್ಚಿರುವ ಗೌಟ್ ರೋಗಿಗಳ ರಕ್ತ, ತಡವಾಗಿ ಬೇರ್ಪಡಿಸಿದ ರಕ್ತ, ಬೇರೆ ತಯಾರಿಕೆಯ ಕಣಗಳು ಇವೆಲ್ಲದರಲ್ಲೂ ಉತ್ತರ ಕದಲದಿದ್ದರೆ ಆಮೇಲಿನ ಶಂಕೆ ಬರೀ ಹಟ. ಅಲ್ಲಿಯವರೆಗೆ ಆ ಗೆರೆಯನ್ನು ನಂಬಿ ರೋಗಿಯನ್ನು ಬಯಾಪ್ಸಿಗೆ ಕಳಿಸಬಹುದು. ಬಯಾಪ್ಸಿಯನ್ನು ಬಿಡಿಸಲು ಮಾತ್ರ ಬಾರದು.